ಆನೆ ಬಂತು, ಭಾರ ಬರಲಿಲ್ಲ

ನನ್ನ ಹೆಂಡತಿ ಪ್ರಭಾಗೆ ಒಂದು ಸಿನಿಮಾ ನಿಜವಾಗಿ ಹಿಡಿಸಿದರೆ ಅವಳು ‘ಪರವಾಗಿಲ್ಲ’ ಅನ್ನುತ್ತಾಳೆ. ಅದಕ್ಕಿಂತ ದೊಡ್ಡ ಬಿರುದು ಅವಳ ಬಳಿ ಇಲ್ಲ. ‘ಚೆನ್ನಾಗಿದೆ’ ಅಂದರೆ ಸಾಧಾರಣ ಅಂತ. ‘ತುಂಬಾ ಚೆನ್ನಾಗಿದೆ’ ಎಂಬ ಮಾತನ್ನು ಅವಳು ಮದುವೆಮನೆಯ ಊಟ, ಪಕ್ಕದ ಮನೆಯವರ ಹೊಸ ಪರದೆ, ನೆಂಟರ ಮಗುವಿನ ಭರತನಾಟ್ಯ ಇಂಥವಕ್ಕೆ ಮೀಸಲಿಟ್ಟಿದ್ದಾಳೆ. ಎಂದರೆ, ನಿಜ ಹೇಳಿದರೆ ಎದುರಿಗಿದ್ದವರು ನೊಂದುಕೊಳ್ಳುವ ಕಡೆಗೆ. ನಾನು ಪೀಣ್ಯದ ಕಡೆ ಒಂದು ಸರ್ಕಾರಿ ಕಾರ್ಖಾನೆಯಲ್ಲಿ ನಿವೃತ್ತಿಯವರೆಗೂ ಇನ್‌ಸ್ಪೆಕ್ಷನ್ ವಿಭಾಗದಲ್ಲಿದ್ದವನು. ಅಳತೆ ತಪ್ಪಿದ ಬಿಡಿಭಾಗಕ್ಕೆ ಕೆಂಪು ಬಣ್ಣ ಬಳಿದು ಪಕ್ಕಕ್ಕಿಡುವುದು ನನ್ನ ಕೆಲಸವಾಗಿತ್ತು. ಮನೆಗೆ ಬಂದರೆ ಆ ಬಣ್ಣದ ಡಬ್ಬಿ ಅವಳ ಕೈಯಲ್ಲಿ. ನಿವೃತ್ತಿಯ ದಿನ ಸೂಟು ಹಾಕಿಕೊಂಡು ನಿಂತಾಗ ನನ್ನನ್ನು ಮೇಲಿಂದ ಕೆಳಗೆ ನೋಡಿ ‘ಪರವಾಗಿಲ್ಲ’ ಅಂದಿದ್ದಳು. ಆ ಸೂಟನ್ನು ಇನ್ನೂ ಇಟ್ಟುಕೊಂಡಿದ್ದೇನೆ.

ನಮ್ಮ ಮನೆ ಚಿಕ್ಕಬಾಣಾವರದಲ್ಲಿ, ರೈಲ್ವೆ ಸ್ಟೇಷನ್ನಿಗೆ ತೀರ ಹತ್ತಿರ. ರೈಲು ಹೋಗುವಾಗ ಟಿವಿಯ ಮಾತು ಕೇಳಿಸುವುದಿಲ್ಲ. ಹಳೆಯ ಸಿನಿಮಾ ಬರುತ್ತಿದ್ದರೆ ಚಿಂತೆಯಿಲ್ಲ, ರೈಲು ದಾಟುವವರೆಗಿನ ಡೈಲಾಗುಗಳನ್ನು ಪ್ರಭಾ ತಾನೇ ಹೇಳಿಬಿಡುತ್ತಾಳೆ, ನಾಯಕನದೂ ಖಳನಾಯಕನದೂ ಸೇರಿಸಿ.

ಅವಳ ಪಾಲಿಗೆ ಸಿನಿಮಾ ಎಂದರೆ ಮೊದಲು ‘ಬೆಟ್ಟದ ಬಂಟ’, ಆಮೇಲೆ ಮಿಕ್ಕಿದ್ದೆಲ್ಲ. ಮೊದಲನೇ ಭಾಗ ನಮ್ಮ ಮದುವೆಯಾದ ಹೊಸದರಲ್ಲಿ ಬಂತು. ಭೈರ ಎಂಬ ಮಾವುತ, ಲಚ್ಚಿ ಎಂಬ ಅವನ ಆನೆ, ಕಾಡು ಕಡಿಯಲು ಬರುವ ಕಂಟ್ರಾಕ್ಟರ್, ಇಷ್ಟೇ ಕಥೆ. ಊರಿನವರೆಲ್ಲ ಭೈರನ ಅಭಿಮಾನಿಗಳಾದರೆ ನನ್ನ ಹೆಂಡತಿ ಲಚ್ಚಿಯ ಅಭಿಮಾನಿಯಾದಳು. ಅವಳ ಲೆಕ್ಕದಲ್ಲಿ ಅದು ಆನೆಯ ಸಿನಿಮಾ, ಹೀರೋ ನಡುನಡುವೆ ಬಂದು ಹೋಗುತ್ತಾನೆ ಅಷ್ಟೆ. ಲಚ್ಚಿ ಹೊಳೆಯಿಂದ ಎದ್ದು ಬರುವ ದೃಶ್ಯಕ್ಕೆ ಅವಳು ಪ್ರತಿ ಸಲವೂ ಸೀರೆಯ ಸೆರಗನ್ನು ಸರಿಮಾಡಿಕೊಂಡು ನೆಟ್ಟಗೆ ಕೂರುತ್ತಿದ್ದಳು, ಮನೆಗೆ ಹಿರಿಯರು ಬಂದ ಹಾಗೆ.

ಎರಡನೇ ಭಾಗದಲ್ಲಿ ಮಾವುತ ಹಿಮದ ಮೇಲೆ ಹಾಡಿದ. “ಆನೇನ ಯಾರ ಕೈಲಿ ಬಿಟ್ಟು ಹೋದ್ನಂತೆ? ಹುಲ್ಲು ಹಾಕೋರು ಯಾರು?” ಎಂದು ಇವಳು ಬಾಲ್ಕನಿಯಲ್ಲಿ ಕೂತು ಕೇಳಿದಳು. ಆ ಭಾಗದ ಕೊನೆಗೆ ಭೈರ ಸತ್ತ. ಮೂರನೇ ಭಾಗದಲ್ಲಿ ಎದ್ದು ಬಂದ. ಆವತ್ತು ಬಸ್ಸಿನಲ್ಲಿ ಬರುವಾಗ ಪ್ರಭಾ ಹೇಳಿದ್ದು ಅಕ್ಕಪಕ್ಕದ ಸೀಟಿನವರಿಗೂ ನೆನಪಿರಬಹುದು. “ತಿಥಿ ಮಾಡಿ ವಡೆ ತಿಂದಾಗಿದೆ. ಈಗ ಸತ್ತೋನೇ ಬಂದು ನಂಗೂ ಒಂದು ವಡೆ ಹಾಕಿ ಅಂದ್ರೆ ಹೇಗ್ರೀ?”

ಈ ಭಾಗಗಳ ಬಗ್ಗೆ ಅವಳದೊಂದು ಸಿದ್ಧಾಂತವಿದೆ. ಮೊದಲನೇ ಭಾಗ ಮೊದಲನೇ ಡಿಕಾಕ್ಷನ್. ಎರಡನೆಯದು ಅದೇ ಪುಡಿಗೆ ಇನ್ನೊಮ್ಮೆ ಸುರಿದ ಬಿಸಿನೀರು. ಮೂರನೆಯದು ಫಿಲ್ಟರ್ ತೊಳೆದ ನೀರು. ಹಾಗಾದರೆ ಪ್ರತಿ ಸಲ ಮೊದಲ ದಿನವೇ ಯಾಕೆ ಓಡುತ್ತೀಯ ಎಂದು ಕೇಳಿದ್ದೆ. “ನೆಂಟರ ಮನೆ ಕೆಟ್ಟೋಯ್ತು ಅಂತ ಅಲ್ಲಿರೋ ಅಜ್ಜೀನ ನೋಡೋಕೆ ಹೋಗೋದು ಬಿಡ್ತೀವಾ?” ಅಂದಳು. ಅಜ್ಜಿ ಎಂದರೆ ಲಚ್ಚಿ.

ನಮಗಿರುವುದು ಒಬ್ಬಳೇ ಮಗಳು, ಶರಣ್ಯ. ಎಲೆಕ್ಟ್ರಾನಿಕ್ ಸಿಟಿಯ ಒಂದು ಗ್ರಾಫಿಕ್ಸ್ ಕಂಪನಿಯಲ್ಲಿ ಕೆಲಸ, ಅಲ್ಲೇ ಪಿಜಿಯಲ್ಲಿ ವಾಸ. ವಾರದ ಕೊನೆಗೆ ಹಳದಿ ಮೆಟ್ರೋ ಹತ್ತಿ, ಹಸಿರು ಮೆಟ್ರೋಗೆ ಬದಲಾಯಿಸಿ, ದಾಸರಹಳ್ಳಿಯಲ್ಲಿ ಇಳಿದು ಆಟೋದಲ್ಲಿ ಮನೆಗೆ ಬರುತ್ತಾಳೆ. ಕಳೆದ ವರ್ಷವಿಡೀ ಅವಳು ಯಾವುದೋ ದೊಡ್ಡ ಕೆಲಸದಲ್ಲಿ ಮುಳುಗಿದ್ದಳು. ಕಣ್ಣ ಸುತ್ತ ಕಪ್ಪು, ಊಟದ ಮಧ್ಯೆ ಫೋನು. ಏನು ಕೆಲಸ ಎಂದರೆ, “ಹೇಳೋ ಹಾಗಿಲ್ಲ ಅಮ್ಮ, ಆಫೀಸಲ್ಲಿ ಸೈನ್ ಹಾಕಿಸ್ಕೊಂಡಿದಾರೆ” ಎನ್ನುವಳು. “ರಾಕೆಟ್ ಬಿಡ್ತಿದಾಳೆ” ಎಂದು ಪ್ರಭಾ ಅವಳ ತಟ್ಟೆಗೆ ಇನ್ನಷ್ಟು ಅನ್ನ ಹಾಕುವಳು. ನಾನೂ ಹೆಚ್ಚಿಗೆ ಕೆದಕಲಿಲ್ಲ.

ಈ ವರ್ಷ ‘ಬೆಟ್ಟದ ಬಂಟ’ದ ನಾಲ್ಕನೇ ಭಾಗ ಬಂತು. ಭೈರನಿಗೆ ಹೊಸ ಹುಡುಗ, ಲಚ್ಚಿಗೆ ಗ್ರಾಫಿಕ್ಸ್. ಶುಕ್ರವಾರ ಬೆಳಗ್ಗೆ ಜಾಲಹಳ್ಳಿ ಕ್ರಾಸ್ ಕಡೆಯ ಥಿಯೇಟರಿನ ಮುಂದೆ ನಾವಿಬ್ಬರೂ ಹಾಜರಾದೆವು. ಹುಡುಗರು ಕಟೌಟಿಗೆ ಪ್ಯಾಕೆಟ್ ಪ್ಯಾಕೆಟ್ ಹಾಲು ಸುರಿಯುತ್ತಿದ್ದರು. “ಒಳ್ಳೇ ಹಾಲು ಕಣ್ರೀ, ನೀಲಿ ಪ್ಯಾಕೆಟ್ಟು” ಎಂದು ಸಂಕಟಪಡುತ್ತ ಪ್ರಭಾ ಚಪ್ಪಲಿ ನೆನೆಯದಂತೆ ಪಕ್ಕದಿಂದ ಹಾದಳು.

ಲಚ್ಚಿ ಪರದೆಯ ಮೇಲೆ ಬಂದಾಗ ಥಿಯೇಟರ್ ಸೀಟಿಯಲ್ಲಿ ಮುಳುಗಿಹೋಯಿತು. ಪ್ರಭಾ ಸೆರಗು ಸರಿಮಾಡಿಕೊಂಡು ಮುಂದಕ್ಕೆ ಬಾಗಿದಳು. ಆನೆ ಕಾಡಿನ ದಾರಿಯಲ್ಲಿ ನಡೆದು ಬಂತು. ಪ್ರಭಾ ಮೆಲ್ಲಗೆ ಹಿಂದಕ್ಕೆ ಒರಗಿದಳು. ಹೆಣ್ಣು ನೋಡಲು ಹೋದ ಮನೆಯಲ್ಲಿ ನಮ್ಮತ್ತೆ ಹೀಗೆ ಒರಗಿದರೆ ಆ ಸಂಬಂಧ ಮುರಿಯಿತೆಂದೇ ಅರ್ಥವಾಗಿತ್ತು. ಕೊನೆಯಲ್ಲಿ ಹೆಸರುಗಳು ಏರತೊಡಗಿದ ಕೂಡಲೇ ಅವಳು ಎದ್ದಳು. ‘ಶುಭಂ’ ಹಾಕುವ ಕಾಲ ಹೋದ ಮೇಲೆ ಕೂತಿರುವುದಕ್ಕೆ ಏನಿದೆ ಎಂಬುದು ಅವಳ ವಾದ. ಥಿಯೇಟರಿನಲ್ಲಿದ್ದ ಎಲ್ಲರ ವಾದವೂ ಅದೇ ಆಗಿತ್ತೆಂದು ಕಾಣುತ್ತದೆ.

ಹೊರಗೆ ಯೂಟ್ಯೂಬಿನ ಹುಡುಗನೊಬ್ಬ ಮೈಕು ಹಿಡಿದು ನಿಂತಿದ್ದ. ಎಲ್ಲರೂ “ಬೆಂಕಿ ಗುರು!”, “ಸಕ್ಕತ್ ಮಗಾ!” ಎಂದು ಕೂಗಿ ಹೋಗುತ್ತಿದ್ದರು. “ಆಂಟಿ, ಸಿನಿಮಾ ಹೇಗಿತ್ತು?”

“ಆನೆ ಬಂತು, ಭಾರ ಬರಲಿಲ್ಲ” ಅಂದಳು ಪ್ರಭಾ.

“ಅಂದ್ರೆ ಆಂಟಿ?”

“ಆನೆ ನಡೆದದ್ದೇ ದಾರಿ ಅಂತಾರೆ. ಇದು ನಡೆದ ದಾರೀಲಿ ಒಂದು ಹುಲ್ಲು ಕಡ್ಡೀನೂ ಬಾಗಲಿಲ್ಲ ಕಣಪ್ಪ. ಬಲೂನು ಅದು. ಬಾಲಕ್ಕೊಂದು ದಾರ ಕಟ್ಟಿಟ್ಕೊಳ್ಳಿ, ಐದನೇ ಭಾಗದ ಹೊತ್ತಿಗೆ ಹಾರಿ ಹೋಗುತ್ತೆ.”

ಹುಡುಗ ಕ್ಯಾಮೆರಾ ಅಲ್ಲಾಡುವಷ್ಟು ನಕ್ಕ. ಸಂಜೆಯೊಳಗೆ ಆ ತುಣುಕು ಎಲ್ಲೆಲ್ಲೂ ಓಡಾಡಿತು. ಹಾಲಿನ ಬೂತಿನವನು ನನಗೆ ತೋರಿಸಿದ. ಯಾರೋ ಆನೆಯ ಬಾಲಕ್ಕೆ ದಾರ ಕಟ್ಟಿ ಚಿತ್ರವನ್ನೂ ಬಿಡಿಸಿದ್ದರು. ಪ್ರಭಾ ತನ್ನನ್ನು ತಾನೇ ನಾಲ್ಕಾರು ಸಲ ನೋಡಿಕೊಂಡು, “ಸೀರೆ ಪರವಾಗಿಲ್ಲ” ಅಂದಳು. ನಾನೂ ಬೀಗಿದ್ದೆ, ಸುಳ್ಳೇಕೆ ಹೇಳಲಿ.

ದೀಪ ಹಚ್ಚುವ ಹೊತ್ತಿಗೆ ಶರಣ್ಯಳ ಫೋನು ಬಂತು, ನನಗೆ. “ಅಪ್ಪ, ಅಮ್ಮ ಪಕ್ಕದಲ್ಲಿದಾಳಾ? ಟೆರೇಸಿಗೆ ಹೋಗು.”

ಹೋದೆ.

“ಆ ಆನೆ ನಾನು ಮಾಡಿದ್ದು ಅಪ್ಪ.”

ನನಗೆ ತಕ್ಷಣ ಅರ್ಥವಾಗಲಿಲ್ಲ. ಅವಳು ಬಿಡಿಸಿ ಹೇಳಿದಳು. ಒಂದು ವರ್ಷ ಇಡೀ ತಂಡ ಲಚ್ಚಿಯ ಮೇಲೆಯೇ ಕೆಲಸ ಮಾಡಿದೆ. ಸಿನಿಮಾ ಬಿಡುಗಡೆಯಾದ ಮೇಲೆ ಹೇಳಬಹುದಿತ್ತು. ಆದರೆ ಅಮ್ಮ ಏನೂ ಗೊತ್ತಿಲ್ಲದೆ ನೋಡಲಿ, ಬಾಯಿಂದ ‘ಪರವಾಗಿಲ್ಲ’ ಬರಲಿ, ಆಮೇಲೆ ಗುಟ್ಟು ಬಿಚ್ಚುವುದು ಎಂದುಕೊಂಡಿದ್ದಳಂತೆ. ಈಗ ಆಫೀಸಿನ ಗುಂಪಿನಲ್ಲಿ ಎಲ್ಲರೂ ಆ ತುಣುಕನ್ನೇ ಹಂಚಿಕೊಂಡು ಬಲೂನು ಆಂಟಿಯನ್ನು ಬೈಯುತ್ತಿದ್ದಾರೆ. “ಅವರು ನಮ್ಮಮ್ಮ ಅಂತ ನಾನು ಯಾರಿಗೂ ಹೇಳಿಲ್ಲ” ಎಂದಳು. “ಈ ವಾರ ನಾನು ಬರಲ್ಲ ಅಪ್ಪ. ಅಮ್ಮಂಗೆ ಏನೂ ಹೇಳ್ಬೇಡ.”

ಹೇಳಬೇಡ ಎಂದದ್ದನ್ನು ಬಚ್ಚಿಡುವ ಮುಖ ನನ್ನದಲ್ಲ. ಕೆಳಗಿಳಿದು ಬಂದವನನ್ನು ನೋಡಿದ ಕೂಡಲೇ ಪ್ರಭಾ “ಏನಾಯ್ತು?” ಅಂದಳು. ಹೇಳಿಬಿಟ್ಟೆ. ಅವಳು ಕೈಯಲ್ಲಿದ್ದ ಹುರುಳಿಕಾಯಿಯನ್ನು ಅರ್ಧ ಮುರಿದು ಹಾಗೇ ಕೂತಳು. ಒಂದು ರೈಲು ಹೋಯಿತು. ಅದು ದಾಟಿದ ಮೇಲೆ, “ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರೆ. ನಾನು ನನ್ನ ಹೆಗ್ಗಣಾನ ಬೀದೀಲಿ ನಿಂತು ಬೈದು ಬಂದೆನಲ್ರೀ” ಅಂದಳು. ನನಗೆ ನಗು ಬರಬೇಕಿತ್ತು, ಬರಲಿಲ್ಲ. ಮಗಳು ಮನೆಗೆ ಬರುವುದಿಲ್ಲ ಎಂಬ ಮಾತು ನಮ್ಮಿಬ್ಬರ ಎದೆಯ ಮೇಲೂ ಕೂತಿತ್ತು.

ಮರುದಿನ ಅವಳು ನನ್ನನ್ನು ಮತ್ತೆ ಅದೇ ಥಿಯೇಟರಿಗೆ ಎಳೆದುಕೊಂಡು ಹೋದಳು. ಈ ಸಲ ಮೆಚ್ಚಿಕೊಳ್ಳಲೇಬೇಕೆಂದು ಹಟ ತೊಟ್ಟು ಕೂತಿದ್ದಳು. ಆನೆ ಬಂದಾಗಲೆಲ್ಲ ಮುಂದಕ್ಕೆ ಬಾಗುವಳು, ಬೆನ್ನು ತಾನಾಗಿ ಹಿಂದಕ್ಕೆ ಹೋಗುವುದು, ಮತ್ತೆ ಬಾಗುವಳು. ಪಾಪ, ನೋಡಲಾಗುತ್ತಿರಲಿಲ್ಲ. ಸಿನಿಮಾ ಮುಗಿದ ಮೇಲೆ ಎದ್ದು ಹೋಗಲಿಲ್ಲ. ಹೆಸರುಗಳು ಸಾಲು ಸಾಲಾಗಿ ಮೇಲೇರುತ್ತಲೇ ಇದ್ದವು. ಕಸ ಗುಡಿಸುವವರು ಬಂದು ನಮ್ಮ ಕಾಲ ಬಳಿಯ ಪಾಪ್‌ಕಾರ್ನ್ ಗುಡಿಸಿದರು. “ಮುಗೀತಲ್ಲ ಸಾರ್” ಎಂದಳು ಅವರಲ್ಲೊಬ್ಬಳು. “ಇನ್ನೂ ಇಲ್ಲ ಕಣಮ್ಮ” ಅಂದಳು ಪ್ರಭಾ. ಅಷ್ಟರಲ್ಲಿ ಇರುವೆಯಷ್ಟು ಚಿಕ್ಕ ಅಕ್ಷರದಲ್ಲಿ ‘ಶರಣ್ಯ ಶ್ಯಾಮಸುಂದರ’ ಎಂದು ಬಂತು. ನಾನು ಕನ್ನಡಕ ಸರಿಮಾಡಿಕೊಳ್ಳುವಷ್ಟರಲ್ಲಿ ಹೋಗಿಯೂಬಿಟ್ಟಿತು. ಪ್ರಭಾ ಓದಿದ್ದಳು. ಸೆರಗಿನಿಂದ ಕಣ್ಣೊರೆಸಿಕೊಂಡಳು.

ಹೊರಗೆ ಬಂದವಳೇ ಫೋನು ತೆಗೆದು ಮಗಳಿಗೆ ಧ್ವನಿ ಸಂದೇಶ ಕಳಿಸಿದಳು. “ಪುಟ್ಟಿ, ಇವತ್ತು ಇನ್ನೊಂದ್ಸಲ ನೋಡಿದೆ ಕಣೇ. ನಿನ್ನೆ ಸರಿಯಾಗಿ ನೋಡಿರಲಿಲ್ಲ. ಆನೆ ತುಂಬಾ ಚೆನ್ನಾಗಿದೆ. ತುಂಬಾ ತುಂಬಾ ಚೆನ್ನಾಗಿದೆ.” ನಾನು ಪಕ್ಕದಲ್ಲಿ ನಿಂತು ತಲೆ ಚಚ್ಚಿಕೊಂಡೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವಳು ಎರಡನೇ ದಿನವೂ ಅದನ್ನೇ ಮಾಡಿದ್ದಳು. ಮಗಳಿಂದ ಉತ್ತರ ಬರಲಿಲ್ಲ.

ಭಾನುವಾರ ಬೆಳಗ್ಗೆ ಗೇಟಿನ ಸದ್ದಾಯಿತು. ಶರಣ್ಯ. ಚಪ್ಪಲಿ ಬಿಡುವ ಮೊದಲೇ ಜಗಳ ಶುರು.

“ತುಂಬಾ ಚೆನ್ನಾಗಿದೆ ಅಂತ ಯಾಕಮ್ಮ ಅಂದೆ?”

“ಚೆನ್ನಾಗಿತ್ತು, ಅದಕ್ಕೇ…”

“ನಾನೇನು ಪಕ್ಕದ ಮನೆಯವಳಾ?” ಅಂದಳು ಶರಣ್ಯ. “ನೀನು ಶುಕ್ರವಾರ ಬೈದಾಗ ಅತ್ತುಬಿಟ್ಟೆ, ಅಷ್ಟೆ. ಮೆಸೇಜ್ ಕೇಳಿದಾಗ ಭಯ ಆಯ್ತಮ್ಮ. ಇನ್ಮೇಲೆ ನೀನು ನಂಗೆ ನಿಜ ಹೇಳೋದೇ ಇಲ್ವೇನೋ ಅಂತ.”

ಪ್ರಭಾ ನನ್ನ ಕಡೆ ನೋಡಿದಳು. ನಾನು ಪೇಪರಿನ ಕಡೆ ನೋಡಿದೆ. ತಾಯಿ ಮಗಳ ನಡುವೆ ತಲೆ ಹಾಕಿದವನು ಎರಡು ಕಡೆಯಿಂದಲೂ ಬೈಸಿಕೊಳ್ಳುತ್ತಾನೆ.

“ಕೂತ್ಕೋ” ಅಂದಳು ಪ್ರಭಾ ಕೊನೆಗೆ. ಕಾಫಿ ತಂದಿಟ್ಟಳು. ಆಮೇಲೆ ಶುರುಮಾಡಿದಳು. ಆನೆ ಕಾಲಿಡುವಾಗ ಹೆಗಲು ಮೊದಲು ಇಳಿಯಬೇಕು, ಇದರದ್ದು ಇಳಿಯುವುದಿಲ್ಲ. ಹೊಟ್ಟೆ ಅಲುಗುವುದಿಲ್ಲ. ಹಳೆಯ ಲಚ್ಚಿ ಒಂದು ಹೆಜ್ಜೆಯಿಟ್ಟು, ಯೋಚನೆ ಮಾಡಿ, ಇನ್ನೊಂದು ಹೆಜ್ಜೆಯಿಡುತ್ತಿದ್ದಳು, ಇವಳಿಗೆ ಬಸ್ಸು ತಪ್ಪಿಹೋಗುವ ಅವಸರ. ಒಂದೊಂದಕ್ಕೂ ಶರಣ್ಯ “ಹೂಂ” ಅನ್ನುತ್ತಿದ್ದಳು. ಒಂದೆರಡು ಕಡೆ ವಾದವನ್ನೂ ಮಾಡಿದಳು. ಆ ದೃಶ್ಯಕ್ಕೆ ಟೈಮೇ ಕೊಡಲಿಲ್ಲ, ಇನ್ನೊಂದನ್ನು ಕೊನೇ ಗಳಿಗೆಯಲ್ಲಿ ಬದಲಾಯಿಸಿದರು, ಹೀಗೆ.

“ಆದ್ರೆ ಒಂದು ಹೇಳ್ತೀನಿ ಕೇಳು” ಎಂದು ಪ್ರಭಾ ಮೆತ್ತಗಾದಳು. “ಭೈರ ಜೈಲಿಗೆ ಹೋಗೋವಾಗ ಲಚ್ಚಿ ತಿರುಗಿ ನೋಡುತ್ತಲ್ಲ, ಆ ಕಣ್ಣು. ಅಲ್ಲಿ ಗ್ರಾಫಿಕ್ಸು ಅನ್ನೋದೇ ಮರೆತುಹೋಯ್ತು ಕಣೇ. ಎರಡು ಸಲ ನೋಡಿದಾಗ್ಲೂ.”

ಶರಣ್ಯ ಕಾಫಿ ಲೋಟ ಕೆಳಗಿಟ್ಟಳು. “ಕಣ್ಣು ನಂದಲ್ಲಮ್ಮ. ಅದು ನಮ್ಮ ಟೀಮಿನ ಸಂಗಮೇಶ್ ಮಾಡಿದ್ದು.”

“ನೀನು?”

“ನಾನು ನಡಿಗೆ.”

ಮೊದಲು ನಕ್ಕವಳು ಶರಣ್ಯ. ಅವಳ ಹಿಂದೆಯೇ ನಾನು. ಪ್ರಭಾ ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತ ನಗುತ್ತ ಅತ್ತಳು. ಇಡೀ ಆಫೀಸಿನವರ ಕೆಲಸವೆಲ್ಲ ಬಿಟ್ಟು ಮಗಳು ಮಾಡಿದ್ದೊಂದನ್ನೇ ಬೈದು ಬಂದಿದ್ದಾಳಲ್ಲ, ಆ ಗುರಿಗೆ ಏನನ್ನಬೇಕು!

ಮಧ್ಯಾಹ್ನ ಊಟಕ್ಕೆ ಕೂತಾಗ ಪ್ರಭಾ ಕೇಳಿದಳು, “ಐದನೇ ಭಾಗ ಬರುತ್ತಂತಲ್ಲ. ಅದೂ ನಿಮ್ಮ ಕಂಪನಿಗೇನಾ?”

“ಹೂಂ. ನಡಿಗೆ ಮತ್ತೆ ನಂಗೇ ಕೊಟ್ಟಿದಾರೆ.”

“ಹಾಗಾದ್ರೆ ನಾನು ಇನ್ಮೇಲೆ ಆ ಮೈಕಿನ ಹತ್ರ ಸುಳಿಯಲ್ಲಮ್ಮ. ಸುಮ್ನೆ ನೋಡ್ಕೊಂಡು ಮನೆಗೆ ಬಂದ್ಬಿಡ್ತೀನಿ.”

“ಯಾಕೆ? ಹೋಗು. ಮೊದಲನೇ ದಿನಾನೇ ಹೋಗು. ಚೆನ್ನಾಗಿಲ್ಲ ಅಂದ್ರೆ ಚೆನ್ನಾಗಿಲ್ಲ ಅಂತಾನೇ ಹೇಳು.” ಶರಣ್ಯ ಮಜ್ಜಿಗೆಯ ಪಾತ್ರೆಯನ್ನು ತನ್ನ ಕಡೆಗೆ ಎಳೆದುಕೊಂಡಳು. “ಕೊನೇಲಿ, ಇದು ನನ್ನ ಮಗಳು ಮಾಡಿದ್ದು ಅಂತ ಸೇರಿಸಿ ಹೇಳು.”