ಹಾಡುವವಳು ಎಲ್ಲಿ ಕೂತಿದ್ದಾಳೆ

ಆ ಬೀದಿಯಲ್ಲಿ ಅವನನ್ನು ಎಲ್ಲರೂ ಪೆಟ್ಟಿಗೆಯವನು ಎಂದೇ ಕರೆಯುತ್ತಿದ್ದರು. ಕಸುಬು ಬಡಗಿಯದು. ಕಪಾಟು, ಮಂಚ, ಬಾಗಿಲು ಮಾಡಿಕೊಂಡು ತನ್ನ ಪಾಡಿಗೆ ತಾನಿದ್ದವನಿಗೆ ಯಾರೋ ಒಂದು ದಿನ ಸ್ಪೀಕರಿನ ಒಡೆದ ಡಬ್ಬ ತಂದುಕೊಟ್ಟು, ಇದಕ್ಕೊಂದು ಹೊಸದು ಮಾಡಿಕೊಡು ಎಂದರು. ಡಬ್ಬವೇನೋ ಮಾಡಿದ. ಆದರೆ ಒಳಗಿನ ತಂತಿಗಳ ಮೇಲೆ ಕಣ್ಣು ಬಿತ್ತು ನೋಡಿ, ಅಲ್ಲಿಗೆ ಮುಗಿಯಿತು. ಆ ಹುಚ್ಚು ಮತ್ತೆ ಬಿಡಲಿಲ್ಲ.

ದಪ್ಪ ದನಿಯನ್ನು ದೊಡ್ಡ ವೂಫರಿಗೂ ಸಣ್ಣ ದನಿಯನ್ನು ಪುಟ್ಟ ಟ್ವೀಟರಿಗೂ ಹಂಚಿ ಕಳಿಸುವುದು ಕ್ರಾಸ್‌ಓವರ್ ಎಂಬ ಅಂಗೈಯಗಲದ ಹಲಗೆ. ಅದರ ಮೇಲೆ ತಾಮ್ರದ ಸುರುಳಿ, ಪಕ್ಕದಲ್ಲಿ ದಪ್ಪ ದನಿ ಟ್ವೀಟರಿಗೆ ಹೋಗದಂತೆ ತಡೆಯುವ ಕೆಪಾಸಿಟರ್. ಮೊದಲ ಸಲ ಅವನು ಕೆಪಾಸಿಟರ್ ಹಾಕದೆಯೇ ಟ್ವೀಟರ್ ಜೋಡಿಸಿ ಸುಟ್ಟಿದ್ದ. ಆ ವಾಸನೆಗೆ ಹೆಂಡತಿ ಏನೋ ಸೀದುಹೋಯಿತೆಂದು ಒಲೆಯ ಹತ್ತಿರ ಓಡಿದ್ದಳು. ಹೀಗೆ ಸುಟ್ಟು, ಬಿಚ್ಚಿ, ಮತ್ತೆ ಬೆಸೆದು ಅವನು ಕೆಲಸ ಕಲಿತ. ವರ್ಷ ಕಳೆಯುವುದರೊಳಗೆ ಮಂಚ ಕೇಳುವವರಿಗಿಂತ ಸ್ಪೀಕರ್ ಕೇಳುವವರೇ ಹೆಚ್ಚಾದರು.

ಈ ಕಸುಬಿಗೆ ಇಳಿದವನಿಗೆ ಎಡಗಿವಿ ಕೇಳುತ್ತಿರಲಿಲ್ಲ. ಚಿಕ್ಕಂದಿನ ಜ್ವರವೊಂದು ಅದನ್ನು ಪೂರ್ತಿ ಕಸಿದುಕೊಂಡಿತ್ತು. ಯಾರಾದರೂ ಮಾತಿಗೆ ಬಂದರೆ ಹೇಗೋ ಉಪಾಯ ಮಾಡಿ ಅವರನ್ನು ಬಲಗಡೆಗೆ ಕೂರಿಸಿಕೊಳ್ಳುತ್ತಿದ್ದ. ಬೀದಿಯಲ್ಲಿ ಹಾರ್ನ್ ಕೇಳಿದರೆ ಯಾವ ಕಡೆಯಿಂದ ಎಂದು ತಿಳಿಯದೆ, ಸುಮ್ಮನೆ ಗೋಡೆಗೆ ಅಂಟಿಕೊಂಡು ನಿಲ್ಲುತ್ತಿದ್ದ. ಇದು ಗೊತ್ತಿದ್ದದ್ದು ಹೆಂಡತಿಗೆ ಮಾತ್ರ. ಅವಳು ಔಷಧಿ ಅಂಗಡಿಯಲ್ಲಿ ದಿನವಿಡೀ ನಿಂತು ಕೆಲಸ ಮಾಡುವವಳು. ಮದುವೆಯ ಹೊತ್ತಿನಲ್ಲಿ, "ಈಗಲೇ ಅಮ್ಮನಿಗೆ ಹೇಳೋದು ಬೇಡ, ಇಲ್ಲದ ರಾದ್ಧಾಂತ ಮಾಡ್ತಾಳೆ. ಆಮೇಲೆ ನಾನೇ ಹೇಳ್ತೀನಿ ಬಿಡಿ" ಎಂದಿದ್ದಳು. ಆ ಆಮೇಲೆ ಎನ್ನುವುದು ಬರಲೇ ಇಲ್ಲ.

ಹೀಗಾಗಿ ಅತ್ತೆಯ ಮನಸ್ಸಿನಲ್ಲಿ ಅಳಿಯ ಎಂದರೆ ಒಬ್ಬ ಗರ್ವಿಷ್ಠ. ಮೆಲುದನಿಯ ಹೆಂಗಸು ಆಕೆ. ಬಂದಾಗಲೆಲ್ಲ ಊಟದ ಹೊತ್ತಿಗೆ ಅವನ ಎಡಪಕ್ಕದಲ್ಲಿ ಕೂತು ಏನೋ ಕೇಳಿದರೆ, ಇವನು ಗೋಡೆ ನೋಡಿಕೊಂಡು ಅನ್ನ ಕಲಸುತ್ತಿದ್ದ. "ಮಾತಾಡಿಸಿದ್ರೆ ಮುತ್ತು ಉದುರುತ್ತೇನೋ" ಎಂದು ಗೊಣಗಿಕೊಂಡು ಆಕೆ ಎದ್ದುಹೋಗುತ್ತಿದ್ದಳು.

ಆಕೆಯ ಸೊಂಟದ ಮೂಳೆ ಮುರಿದು ಆಪರೇಷನ್ ಆದ ಮೇಲೆ ಮಗನ ಮನೆಯ ಮೆಟ್ಟಿಲು ಹತ್ತಲಾಗದೆ ಮಗಳ ಮನೆಗೇ ಬರಬೇಕಾಯಿತು. ಮುಂದಿನ ಕೋಣೆಯಲ್ಲಿ ಕೈಯಿರುವ ಕುರ್ಚಿ ಇದ್ದದ್ದು ಒಂದೇ. ಅದು ಸ್ಪೀಕರ್ ಕೇಳಿ ನೋಡಲೆಂದು ಅಳತೆ ಹಿಡಿದು ನಡುವೆ ಇಟ್ಟ ಕುರ್ಚಿ. ಅತ್ತೆ ಅದರಲ್ಲಿ ಕೂತಳು, ಊರುಗೋಲನ್ನು ಒರಗಿಸಿದಳು, ಅಷ್ಟೇ. ಇನ್ನು ಆಕೆಯನ್ನು ಏಳಿಸುವ ಗಂಡು ಆ ಮನೆಯಲ್ಲಿ ಇರಲಿಲ್ಲ.

ಅದೇ ಹೊತ್ತಿಗೆ ಅವನು ಮೊದಲ ಸರೌಂಡ್ ಸೆಟ್ಟಿಗೆ ಕೈ ಹಾಕಿದ್ದ. ಎದುರಿಗೆ ಎರಡು ಪೆಟ್ಟಿಗೆ, ಅವುಗಳ ನಡುವೆ ಒಂದು, ಬೆನ್ನ ಹಿಂದೆ ಎರಡು. ಮಾಡಿಸುತ್ತಿದ್ದವನು ಈಜು ಕಲಿಸುವ ಮೇಷ್ಟ್ರು. ಕೊಳದ ಆಚೆ ದಡಕ್ಕೆ ಕೂಗಿ ಕೂಗಿ ಅವನ ಗಂಟಲು ಆ ಜೋರಿನಲ್ಲೇ ನಿಂತುಬಿಟ್ಟಿತ್ತು. ಪೆಟ್ಟಿಗೆಯವನು ತಲೆ ತಿರುಗಿಸದೆ ಮಾತು ಕೇಳಬಹುದಾಗಿದ್ದ ಗಿರಾಕಿ ಅವನೊಬ್ಬನೇ.

ಸೆಟ್ಟು ಮುಗಿದ ಮೇಲೆ ಮೇಷ್ಟ್ರು ಬಂದು ಕೇಳಿದ. ಅತ್ತಿತ್ತ ಓಡಾಡಿದ. ಮುಖ ಸಿಂಡರಿಸಿದ.

"ಏನೋ ಸರಿ ಇಲ್ಲಪ್ಪ. ದಪ್ಪ ದನಿ ಎದೆಗೆ ಬಂದು ಗುದ್ದಬೇಕು. ಇದು ನೀರಿನೊಳಗೆ ಕೇಳಿದ ಹಾಗಿದೆ. ನೋಡಿಡು, ಭಾನುವಾರ ಬರ್ತೀನಿ."

ಪೆಟ್ಟಿಗೆಯವನು ಎಲ್ಲವನ್ನೂ ಬಿಚ್ಚಿದ. ಒಂದರ ಪಕ್ಕ ಒಂದಿದ್ದ ಸುರುಳಿಗಳನ್ನು ದೂರ ಸರಿಸಿ, ಒಂದನ್ನು ಮಲಗಿಸಿ ಇನ್ನೊಂದನ್ನು ನಿಲ್ಲಿಸಿದ. ಕೆಪಾಸಿಟರ್ ಬದಲಿಸಿದ. ಬೆಸುಗೆ ಬಿಟ್ಟಿದೆಯೇನೋ ಎಂದು ಮತ್ತೆ ಕಾಯಿಸಿದ. ಒಂದೊಂದೇ ಪೆಟ್ಟಿಗೆಗೆ ಬಲಗಿವಿ ಹಚ್ಚಿ ಕೇಳಿದ. ಒಂದೊಂದೂ ಸ್ವಚ್ಛವಾಗಿತ್ತು, ಚಿನ್ನದಂಥ ದನಿ. ಹಾಗಾದರೆ ಕೊರತೆ ಎಲ್ಲಿದೆ? ಮೇಷ್ಟ್ರಿನ ಕಿವಿಯೊಳಗೆ ನೀರು ನಿಂತಿರಬೇಕು ಎಂದು ಮನಸ್ಸಿನಲ್ಲೇ ಬೈದುಕೊಂಡ. ಊಟ ಸೇರಲಿಲ್ಲ.

ಶುಕ್ರವಾರ ಮಧ್ಯಾಹ್ನ ಹಾಡೊಂದನ್ನು ಹಾಕಿ ಅವನು ಪೆಟ್ಟಿಗೆಯಿಂದ ಪೆಟ್ಟಿಗೆಗೆ ಬಗ್ಗುತ್ತಿದ್ದಾಗ, ಕುರ್ಚಿಯಿಂದ ಅತ್ತೆ ಏನೋ ಅಂದಳು. ಅವಳ ತುಟಿ ಅಲುಗಿದ್ದು ಕಂಡು ಹಾಡು ನಿಲ್ಲಿಸಿದ.

"ಏನಂದ್ರಿ ಅತ್ತೆ?"

"ಹಾಡೋಳು ಎಲ್ಲಿ ಕೂತಿದಾಳೆ ಅಂದೆ. ಹೋದ ವಾರ ಬೇರೆಯವರ ಎರಡು ಪೆಟ್ಟಿಗೆ ಇಟ್ಟಿದ್ರಲ್ಲ, ಆಗ ಇಲ್ಲೇ ನನ್ನೆದುರು ಕೂತು ಹಾಡಿದ ಹಾಗಿತ್ತು. ಇವತ್ತು ಅವಳಿಗೆ ನೆಲೆಯೇ ಇಲ್ಲ. ಆ ಗೋಡೇಲೂ ಇದಾಳೆ, ಈ ಗೋಡೇಲೂ ಇದಾಳೆ. ಯಾಕೆ, ನಿಮಗೆ ಕೇಳಿಸಲ್ವಾ?"

ಹೂಂ ಎಂದು ತಲೆಯಾಡಿಸಿದ್ದರೆ ಮುಗಿದುಹೋಗುತ್ತಿತ್ತು. ಬದುಕಿಡೀ ಅವನು ಮಾಡಿದ್ದೂ ಅದನ್ನೇ. ಆದರೆ ಅವತ್ತು ದಣಿದಿದ್ದ.

"ಇಲ್ಲ ಅತ್ತೆ. ನನಗೆ ಈ ಕಡೆ ಕಿವಿ ಕೇಳಿಸಲ್ಲ. ಚಿಕ್ಕೋನಾಗಿದ್ದಾಗಿಂದ. ಯಾವ ದನಿ ಎಲ್ಲಿಂದ ಬಂತು ಅನ್ನೋದು ನನಗೆ ಗೊತ್ತೇ ಆಗಲ್ಲ."

ಅತ್ತೆ ಕೇಳಿದ್ದು ಒಂದೇ ಮಾತು. "ನನ್ನ ಮಗಳಿಗೆ ಗೊತ್ತಾ?"

"ಗೊತ್ತು."

"ಸರಿ. ಮೊದಲು ನಿಮ್ಮ ಕೆಲಸ ನೋಡಿ. ಅವಳು ಬರಲಿ."

ನೆಲೆಯಿಲ್ಲ ಎಂಬ ಆ ಮಾತು ಅವನ ತಲೆಯಲ್ಲಿ ಕೊರೆಯತೊಡಗಿತು. ಟಾರ್ಚಿನ ಸೆಲ್ ತೆಗೆದು, ಎದುರಿನ ಎರಡು ವೂಫರುಗಳಿಗೆ ತಂತಿ ಮುಟ್ಟಿಸಿ ನೋಡಿದ. ಕೆಂಪು ಗುರುತಿಗೆ ಪ್ಲಸ್ ಕೊಟ್ಟಾಗ ಬಲಗಡೆಯದರ ಕಾಗದದ ಬಟ್ಟಲು ಟಪ್ಪೆಂದು ಮುಂದೆ ಬಂತು. ಎಡಗಡೆಯದು ಹಿಂದೆ ಸರಿಯಿತು. ವೂಫರ್ ತಯಾರಿಸಿದವರೇ ಕೆಂಪು ಗುರುತನ್ನು ತಪ್ಪು ತುದಿಗೆ ಬಳಿದಿದ್ದರು! ಒಂದು ತಳ್ಳುವಾಗ ಇನ್ನೊಂದು ಎಳೆಯುತ್ತಿತ್ತು. ನಡುವೆ ದಪ್ಪ ದನಿ ಸತ್ತುಹೋಗುತ್ತಿತ್ತು. ಬೇರೆ ಬೇರೆಯಾಗಿ ಕೇಳಿದರೆ ಎರಡೂ ಸರಿಯೇ. ತಪ್ಪು ಗೊತ್ತಾಗಬೇಕಾದರೆ ಎರಡನ್ನೂ ಒಟ್ಟಿಗೆ, ನಡುವಿನ ಕುರ್ಚಿಯಲ್ಲಿ ಕೂತು, ಎರಡೂ ಕಿವಿಯಿಂದ ಕೇಳಬೇಕು.

ತಂತಿ ಅದಲುಬದಲು ಮಾಡಿ ಹಾಡು ಹಾಕಿದ. ಅತ್ತೆ ಕಣ್ಣು ಮುಚ್ಚಿ, ಊರುಗೋಲನ್ನೆತ್ತಿ ನೇರ ಎದುರಿಗೆ ತೋರಿಸಿದಳು. "ಬಂದಳು ನೋಡಿ."

ಸಂಜೆ ಮಗಳಿಗೆ ಚಪ್ಪಲಿ ಬಿಡುವುದಕ್ಕೂ ಪುರುಸೊತ್ತು ಸಿಗಲಿಲ್ಲ.

"ಇಷ್ಟು ವರ್ಷ ಆ ಮನುಷ್ಯನನ್ನ ಬಾಯಿಗೆ ಬಂದ ಹಾಗೆ ಬೈಕೊಂಡಿದೀನಲ್ಲೇ! ಒಂದು ಮಾತು ಹೇಳಬಾರದಾ?"

"ನೀನು ಬೈದದ್ದು ಅವರಿಗೆ ಕೇಳಿಸ್ತಾನೇ ಇರಲಿಲ್ಲ ಬಿಡಮ್ಮ."

ಅತ್ತೆಗೆ ಸಿಟ್ಟು ಬಂದಿತ್ತು, ನಗುವೂ ಬಂತು. ನಗು ತಡೆಯಲು ಸೆರಗು ಬಾಯಿಗಿಟ್ಟುಕೊಂಡವಳು ಯಾವಾಗ ಅದರಲ್ಲೇ ಕಣ್ಣೊರೆಸಿಕೊಂಡಳೋ ಮಗಳು ಗಮನಿಸಲಿಲ್ಲ. ಮರುದಿನದಿಂದ ಆಕೆ ಅಳಿಯನೊಂದಿಗೆ ಎಷ್ಟು ಜೋರಾಗಿ ಮಾತಾಡತೊಡಗಿದಳೆಂದರೆ, "ಅತ್ತೆ, ಈ ಬಲಗಿವಿ ಚೆನ್ನಾಗೇ ಇದೆ, ಇದನ್ನಾದ್ರೂ ಉಳಿಸಿ" ಎಂದು ಅವನು ಕೈಮುಗಿಯಬೇಕಾಯಿತು.

ಭಾನುವಾರ ಮೇಷ್ಟ್ರು ಬಂದ. ಕೇಳಿದ. ಎದೆ ತಟ್ಟಿಕೊಂಡು, "ಇದಪ್ಪ ದನಿ! ಎಲ್ಲಿತ್ತು ತಪ್ಪು?" ಎಂದ. ಪೆಟ್ಟಿಗೆಯವನು ಬಾಯಿ ತೆರೆಯುವಷ್ಟರಲ್ಲಿ ಅತ್ತೆಯೇ ಶುರುಮಾಡಿದಳು. "ನಮ್ಮ ಅಳಿಯಂದ್ರಿಗೆ ಒಂದು ಕಿವಿ ಕೇಳಿಸಲ್ಲ ನೋಡಿ. ಅದಕ್ಕೇ ನಾನು ಕೂತು ಕೇಳೋದು."

ಪೆಟ್ಟಿಗೆಯವನ ಮುಖ ಕೆಂಪಾಯಿತು. ಅಷ್ಟು ವರ್ಷ ಮುಚ್ಚಿಟ್ಟದ್ದನ್ನು ಆಕೆ ಒಂದೇ ಉಸಿರಿನಲ್ಲಿ ಬೀದಿಗೆ ಎತ್ತಿಹಾಕಿದ್ದಳು. ಮೇಷ್ಟ್ರು ಹೌದಾ, ಹೌದಾ ಎನ್ನುತ್ತ ಸೆಟ್ಟು ಕೊಂಡೊಯ್ದನೇನೋ ನಿಜ. ಆದರೆ ಅವನ ಗಂಟಲಿನಲ್ಲಿ ಗುಟ್ಟು ನಿಲ್ಲುವುದುಂಟೆ? ವಾರದೊಳಗೆ ಕೊಳದ ಸುತ್ತಮುತ್ತಲಿನವರಿಗೆಲ್ಲ ತಿಳಿಯಿತು. ಹೇಳಿಟ್ಟಿದ್ದ ಗಿರಾಕಿಯೊಬ್ಬ, "ಸದ್ಯಕ್ಕೆ ಬೇಡ ಬಿಡಿ" ಎಂದು ಹಿಂದೆ ಸರಿದ.

ಪೆಟ್ಟಿಗೆಯವನು ಅತ್ತೆಯೊಂದಿಗೆ ಮಾತು ಬಿಟ್ಟ. ಕರೆದರೆ ಓಗೊಡಲಿಲ್ಲ. ಪಾಪ, ಕೇಳಿಸಲಿಲ್ಲವೇನೋ ಎಂದು ಆಕೆ ಮತ್ತೂ ಮತ್ತೂ ಜೋರಾಗಿ ಕರೆದಳು. ಕೊನೆಗೆ ಅವನು ತಡೆಯಲಾರದೆ ಉಳಿಯನ್ನು ಕೆಳಗಿಟ್ಟು ಅಂದ.

"ಕೇಳಿಸ್ತಿದೆ ಅತ್ತೆ. ಸಿಟ್ಟು ಬಂದಿದೆ, ಅದಕ್ಕೆ ಮಾತಾಡ್ತಿಲ್ಲ. ನೀವು ಅವನೆದುರು ಹಾಗೆ ಹೇಳಬಾರದಿತ್ತು."

ಅತ್ತೆ ಊರುಗೋಲಿನ ಹಿಡಿಯನ್ನು ಉಜ್ಜುತ್ತ ಕೂತಳು. "ಹೇಳಬಾರದಿತ್ತು. ದೊಡ್ಡಸ್ತಿಕೆಗೆ ಹೇಳಿಬಿಟ್ಟೆ. ಕೂತಲ್ಲೇ ಕೂತು ಬೇಜಾರಾಗಿತ್ತು, ನಾನೂ ಒಂದು ಕೆಲಸಕ್ಕೆ ಬಂದೆನಲ್ಲ ಅಂತ ಖುಷಿ. ತಪ್ಪಾಯ್ತು."

ಅತ್ತೆಯ ಬಾಯಲ್ಲಿ ತಪ್ಪಾಯ್ತು ಎನ್ನುವುದನ್ನು ಅವನು ನಿರೀಕ್ಷಿಸಿರಲಿಲ್ಲ. ಚಹಾ ಮಾಡಲು ಎದ್ದ.

ಹೋದ ಗಿರಾಕಿ ಹೋದ, ಬೇರೆಯವರು ಬಂದರು. ಗುಟ್ಟು ಬಯಲಾದ ಮೇಲೆ ಅವನಿಗೊಂದು ಹಗುರವೂ ಆಯಿತು. "ಸ್ವಲ್ಪ ಈ ಕಡೆ ಬನ್ನಿ, ಆ ಕಿವಿ ಕೇಳಿಸಲ್ಲ" ಎನ್ನುವುದು ಅಷ್ಟೇನೂ ಕಷ್ಟದ ಮಾತಾಗಿರಲಿಲ್ಲ. ಅತ್ತೆಯ ಕಾಲು ಗಟ್ಟಿಯಾಯಿತು. ಕರೆದೊಯ್ಯುತ್ತೇನೆಂದು ಮಗ ಫೋನ್ ಮಾಡಿದರೆ, "ಇಲ್ಲಿ ಕೆಲಸ ಇದೆ ಕಣೋ" ಎಂದಳು.

ಎರಡನೆಯ ಸರೌಂಡ್ ಸೆಟ್ಟು ಸಿದ್ಧವಾದ ದಿನ ಅವನು ಕೇಳಿದ. "ಅತ್ತೆ, ದನಿ ಒಂದು ಕಡೆಯಿಂದ ಬರೋದು ಅಂದ್ರೆ ಹೇಗಿರುತ್ತೆ?"

ಆಕೆ ಯೋಚಿಸಿದಳು. ಹೇಳಲು ಹೋದಳು, ಮಾತು ಸಿಗಲಿಲ್ಲ. ಕುರ್ಚಿಯಿಂದ ಎದ್ದಳು. "ಕೂತ್ಕೊಳ್ಳಿ ಇಲ್ಲಿ. ಕಣ್ಣು ಮುಚ್ಚಿ."

ಸಿನಿಮಾದ ರೈಲೊಂದು ಬರುವ ತುಣುಕನ್ನು ಹಾಕಿ ಅವನು ಕೂತ. ಅತ್ತೆ ಹಿಂದೆ ನಿಂತು ಅವನ ಎಡ ಹೆಗಲ ಹಿಂಭಾಗವನ್ನು ಬೆರಳಿನಿಂದ ಒತ್ತಿದಳು. ರೈಲು ಅಲ್ಲಿತ್ತು. ದನಿ ಏರಿದಂತೆ ಬೆರಳು ಬೆನ್ನಿನ ಅಗಲಕ್ಕೂ ಜರುಗಿತು, ಬಲ ಭುಜ ಹತ್ತಿತು, ತೋಳಿನ ಮುಂದಕ್ಕೆ ಇಳಿಯಿತು. ರೈಲು ಅವನನ್ನು ಹಾದುಹೋಯಿತು.

ಅವನು ಕಣ್ಣು ತೆರೆಯಲಿಲ್ಲ. "ಇನ್ನೊಂದು ಸಲ" ಎಂದ.

ಕೆಲಸದಿಂದ ಬಂದ ಹೆಂಡತಿ ಬಾಗಿಲಲ್ಲೇ ನಿಂತಳು. "ಏನ್ರೀ ಇದು, ಇಬ್ಬರೂ ಏನು ಮಾಡ್ತಿದೀರ?"

"ಶ್, ಸುಮ್ನಿರೇ. ಅವರು ಕೇಳ್ತಿದಾರೆ" ಎಂದಳು ಅತ್ತೆ.