ಮರದಡಿ ನಿಂತ ಡಿಫೆಂಡರ್

ಕಾಂತೇಶನ ಬಾಯಿ ದೊಡ್ಡದು. ತಿಪಟೂರಿನ ಕಡೆ ಫುಟ್ಬಾಲ್ ಆಡುವ ಯಾರನ್ನು ಬೇಕಾದರೂ ಕೇಳಿ. ಮೈದಾನದ ಹಿಂಬದಿಯಲ್ಲಿ ನಿಂತು "ಎಡಕ್ಕೆ ಬಾರ್ಲಾ! ಅವನ್ನ ಬುಡಬ್ಯಾಡ್ಲಾ!" ಎಂದು ಅವನು ಕೂಗಿದರೆ ರಸ್ತೆಯಲ್ಲಿ ಹೋಗುವವರೂ ನಿಂತು ನೋಡುತ್ತಾರೆ. ಡಿಫೆಂಡರ್ ಆದವನಿಗೆ ಅದೇ ಅರ್ಧ ಬಂಡವಾಳ. ಆ ಬಾಯಿಯನ್ನೂ ಕಾಲನ್ನೂ ಮೆಚ್ಚಿಯೇ ಬೆಂಗಳೂರಿನ ಕ್ಲಬ್ಬೊಂದರ ಮ್ಯಾನೇಜರ್ ಸಿದ್ದಾರ್ಥ್ ಅವನನ್ನು ಲೀಗ್ ಆಡಲು ಕರೆದಿದ್ದ.

ಕರೆದದ್ದೇನೋ ಸರಿ, ಆದರೆ ಪೂರ್ತಿ ನೌಕರಿಯಲ್ಲ. ಹಗಲು ಯಾವುದೋ ಗೋಡೌನಿನಲ್ಲಿ ಕೆಲಸ, ಸಂಜೆ ಪ್ರಾಕ್ಟೀಸು, ವಾರದ ಕೊನೆಗೆ ಮ್ಯಾಚು. ಕಾಲು ಮುರಿದುಕೊಂಡರೆ ಆಸ್ಪತ್ರೆ ಖರ್ಚು ಅವನದೇ. ಸೀಸನ್ ಮುಗಿಯಿತೋ, ನೀನ್ಯಾರೋ ನಾನ್ಯಾರೋ. ಹಾಗಂತ ಬಿಟ್ಟರೆ, ಈ ವಯಸ್ಸಿನಲ್ಲಿ ಇನ್ನೊಂದು ಸಲ ಯಾರು ಕರೆಯುತ್ತಾರೆ ಹೇಳಿ? ಈ ದಿನ ಸಂಜೆಯೊಳಗೆ ಅವನು ಉತ್ತರ ಕೊಡಬೇಕಿತ್ತು.

ಅವನನ್ನು ಕಟ್ಟಿಹಾಕಿದ್ದು ತೆಂಗಿನ ಮರ. ಮರ ಹತ್ತಿ ಕಾಯಿ ಕೆಡವುವುದೇ ಅವನ ಕಸುಬು. ನೊಣವಿನಕೆರೆ ಸುತ್ತಲಿನ ಒಂದಿಷ್ಟು ತೋಟಗಳು ಅಪ್ಪನ ಕಾಲದಿಂದ ಅವನ ಮನೆಯ ಪಾಲಿಗೆ ಬಂದಿದ್ದವು. ಮರ ಹತ್ತುವವರ ನಡುವೆ ಒಂದು ಕಟ್ಟುಪಾಡಿದೆ: ಒಂದು ಕೊಯ್ಲನ್ನು ಬೇರೆ ಮನೆಯವರು ಕೆಡವಿದರೆ ಮುಂದಿನ ಕೊಯ್ಲೂ ಅವರದೇ. ಜಗಳ ತೆಗೆಯುವ ಹಾಗಿಲ್ಲ. ಹುಳಿಯಾರಿನ ಗುಂಪೊಂದು ಕಾದುಕೊಂಡೇ ಕೂತಿತ್ತು. ಕಾಂತೇಶ ಒಂದು ಸೀಸನ್ ಚೆಂಡು ಒದ್ದು ವಾಪಸ್ಸು ಬರುವಷ್ಟರಲ್ಲಿ ಹತ್ತಲು ಒಂದು ಮರವೂ ಉಳಿದಿರುವುದಿಲ್ಲ.

ದಾರಿ ಹುಡುಕಿದವಳು ಹೆಂಡತಿ ಶಿಲ್ಪ. ಅವಳು ಅವನ ಸೋದರಮಾವನ ಮಗಳು. 'ಬಾವ' ಎಂದು ಕರೆದು ಅಭ್ಯಾಸವೇ ಹೊರತು ಹೆದರಿ ಅಭ್ಯಾಸವಿಲ್ಲ. ಮಿಷಿನ್ ಕಟ್ಟಿ ಮರ ಹತ್ತುವ ತರಬೇತಿಗೆ ಹೋಗಿ ಹೋದ ವರ್ಷವೇ ಕಲಿತು ಬಂದಿದ್ದಳು. ಊರವರು ನಗುತ್ತಾರೆಂದು ಕಾಂತೇಶನೇ ಆ ಮಿಷಿನ್ನನ್ನು ಅಟ್ಟಕ್ಕೆ ಹಾಕಿದ್ದ.

"ನಾನು ಹತ್ತಿದ್ರೆ ಬ್ಯಾರೆ ಮನೆಯೋರು ಹತ್ತಿದಂಗಾ ಬಾವ? ತೋಟ ನಮ್ಮನೇಲೇ ಉಳೀತದೆ. ನೀನು ಹೋಗಿ ಆಡು."

ಉತ್ತರ ಕೊಡಬೇಕಾದ ದಿನವೇ ಪುಟ್ಟಗಂಗಮ್ಮನ ತೋಟದ ಕೊಯ್ಲು. ಅವರ ಪಾಲಿನ ತೋಟಗಳಲ್ಲೆಲ್ಲ ಅದೇ ದೊಡ್ಡದು. ಪುಟ್ಟಗಂಗಮ್ಮ ಸೊಂಟದ ಮೇಲೆ ಕೈಯಿಟ್ಟು ಹೇಳಿದಳು: "ಗಂಡಾದ್ರೂ ಹತ್ಲಿ, ಹೆಣ್ಣಾದ್ರೂ ಹತ್ಲಿ, ನಂಗೇನು? ಆದ್ರೆ ಅರ್ಧಕ್ಕೆ ಇಳುದ್ರೆ ನಾಳೆ ಹುಳಿಯಾರ್ನೋರ್ನ ಕರೀತೀನಿ ಕಣ್ಲಾ. ಆಮ್ಯಾಕೆ ನನ್ನ ಅನ್ಬ್ಯಾಡ."

ಶಿಲ್ಪ ಸೀರೆಯ ಮೇಲೊಂದು ಹಳೇ ಶರ್ಟು ತೊಟ್ಟು, ಸೊಂಟಕ್ಕೆ ಬೆಲ್ಟು ಬಿಗಿದಳು. ಅಟ್ಟದಿಂದ ಇಳಿಸಿದ ಮಿಷಿನ್ ಅಂದರೆ ಎರಡು ಪಾದಕ್ಕೂ ಒಂದೊಂದು ಕಬ್ಬಿಣದ ಚೌಕಟ್ಟು, ಅದರಿಂದ ಮರ ಸುತ್ತಿದ ತಂತಿಹಗ್ಗ. ಒಂದು ಕಾಲೆತ್ತಿ, ಇನ್ನೊಂದು ಕಾಲೂರಿ, ಟಕ್ಕು ಟಕ್ಕೆಂದು ಹೊರಟೇಬಿಟ್ಟಳು.

ಕಾಂತೇಶ ಕತ್ತೆತ್ತಿ ನಿಂತ. ಮೇಲಿನಿಂದ ಕೆಳಗೆ ನೋಡುವುದು ಅವನಿಗೆ ನೀರು ಕುಡಿದಷ್ಟು ಸಲೀಸು. ಕೆಳಗೆ ನಿಂತು ತನ್ನವರನ್ನು ನೋಡುವುದು ಮಾತ್ರ ಗೊತ್ತಿರಲಿಲ್ಲ. ಶಿಲ್ಪ ಮರದ ನಡುಭಾಗ ದಾಟಿದಳು. ಗಾಳಿ ಬೀಸಿತು, ಮರ ತೂಗಿತು. ಅಷ್ಟರಲ್ಲಿ ಅವನ ಕಣ್ಣಿಗೆ ಬಿತ್ತು: ಎಡಗಾಲಿನ ಚೌಕಟ್ಟು ಓರೆಯಾಗಿದೆ, ತಂತಿ ಸಡಿಲವಾಗುತ್ತಿದೆ.

ಮರದ ಮೇಲಿರುವವರನ್ನು ಹೆಸರು ಹಿಡಿದು ಕೂಗಬಾರದು. ಅದು ಅಪ್ಪ ಅವನಿಗೆ ಕಲಿಸಿದ ಮೊದಲ ಪಾಠ. ಆದರೆ ಡಿಫೆಂಡರ್ ಬಾಯಿ ಸುಮ್ಮನಿರುತ್ತದೆಯೇ?

"ಶಿಲ್ಪಾ! ಎಡಗಾಲು!"

ಅವಳು ಬೆಚ್ಚಿ ಹಿಂದೆ ತಿರುಗಿದಳು. ಮೈಭಾರ ಒಂದು ಕಡೆಗೆ ವಾಲಿತು. ಕರ್‍ರೆಂದು ಸದ್ದು ಮಾಡಿ ಚೌಕಟ್ಟು ಮಾರುದ್ದ ಜಾರಿತು.

"ಬಾಯಿ ಮುಚ್ಚಲಾ ಮುಂಡೇದೆ!" ಪುಟ್ಟಗಂಗಮ್ಮ ಅವನ ಬೆನ್ನಿಗೆ ಗುದ್ದಿದಳು.

ಶಿಲ್ಪ ಮರ ತಬ್ಬಿ ನಿಂತಿದ್ದಳು. ಅಲ್ಲಾಡಲಿಲ್ಲ. ಕಾಂತೇಶ ಟವೆಲ್ಲನ್ನು ಬಾಯಿಗೆ ತುರುಕಿಕೊಂಡ. ಲೀಗೂ ಬೇಡ, ಮಣ್ಣೂ ಬೇಡ, ಇವಳು ಇಳಿದು ಬಂದರೆ ಸಾಕಪ್ಪಾ ಎಂದು ಮನಸ್ಸಿನಲ್ಲೇ ಕಂಡ ಕಂಡ ದೇವರಿಗೆಲ್ಲ ಕೈಮುಗಿದ.

ಎಷ್ಟೋ ಹೊತ್ತಿನ ಮೇಲೆ ಟಕ್ಕೆಂದಿತು. ಆಮೇಲೆ ಇನ್ನೊಂದು. ಅವಳು ಇಳಿಯುತ್ತಿರಲಿಲ್ಲ, ಹತ್ತುತ್ತಿದ್ದಳು. ಮರದ ತುದಿಯಲ್ಲಿ, ಸುಳಿಯ ಹತ್ತಿರ ನಿಂತು ಮಚ್ಚು ಬೀಸಿದಳು. ಮೊದಲ ಗೊನೆ ದಡಾರೆಂದು ನೆಲಕ್ಕೆ ಬಿದ್ದಾಗ ಪುಟ್ಟಗಂಗಮ್ಮ "ಹೂಂ" ಎಂದು ಸೊಂಟದಿಂದ ಕೈ ತೆಗೆದಳು.

ಶಿಲ್ಪ ಇಳಿದಾಗ ಮೊಣಕೈ ತರಚಿ ರಕ್ತ ಬರುತ್ತಿತ್ತು. ಕಾಂತೇಶ ಓಡಿಹೋಗಿ ಹಿಡಿದುಕೊಂಡ.

"ಬ್ಯಾಡ ಬುಡು. ಬರಕ್ಕಾಗಲ್ಲ ಅಂತ ಫೋನ್ ಮಾಡ್ತೀನಿ. ಜೀವ ಬಾಯಿಗೆ ಬಂದಿತ್ತು ಕಣೇ."

ಶಿಲ್ಪ ಅವನ ಕೈ ಕೊಡವಿದಳು. "ಒಂದು ಮರಕ್ಕೇ ಹಿಂಗಾದ್ಯಾ? ಮದ್ವೆ ಆದಾಗಿಂದ ನಾನು ಹೆಂಗಿದೀನಿ, ಒಂದಿನ ಕೇಳಿದ್ಯಾ? ಯಾರಾದ್ರೂ ಮನೆ ಕಡೆ ಬಿರಬಿರನೆ ಬಂದ್ರೆ ಸಾಕು, ಬಾವ ಬಿದ್ದ ಅಂತ ಹೇಳಕ್ಕೇ ಬಂದ್ರು ಅನ್ಕಂಡು ಒಲೆ ಮುಂದ್ಲಿಂದ ಎದ್ದು ನಿಂತ್ಕತಿದ್ದೆ. ಆಟದಾಗೆ ಕಾಲು ಮುರೀತದೆ ಅಂತ ಲೆಕ್ಕ ಹಾಕ್ತೀಯಲ್ಲ, ಮುರೀಲಿ! ಅಲ್ಲಿ ಬಿದ್ರೆ ನೆಲದ ಮ್ಯಾಲಿಂದ ನೆಲಕ್ಕೇ ಬೀಳ್ತೀಯ. ಕುಂಟ್ಕಂಡಾದ್ರೂ ಮನೆಗೆ ಬತ್ತೀಯ."

ಹೇಳಿದವಳೇ ಮಿಷಿನ್ ಎತ್ತಿಕೊಂಡು ಮುಂದಿನ ಮರಕ್ಕೆ ಹೋದಳು. ಕಾಂತೇಶ ಹಿಂದೆಯೇ ಹೋಗಿ ಎಡಗಾಲಿನ ಚೌಕಟ್ಟಿನ ತಂತಿಯನ್ನು ತಾನೇ ಎಳೆದು ಬಿಗಿದ. ಜೇಬಿನಲ್ಲಿ ಫೋನ್ ಬಡಿದುಕೊಂಡಿತು.

"ಏನ್ರೀ ಕಾಂತೇಶ್, ಬರ್ತೀರೋ ಇಲ್ವೋ?" ಸಿದ್ದಾರ್ಥ್ ಕೇಳಿದ.

"ಬತ್ತೀನಿ ಸಾರ್. ಆದ್ರೆ ಕೊಯ್ಲಿನ ದಿನ ಊರಿಗೆ ಕಳಿಸಿಕೊಡ್ಬೇಕು."

"ಯಾಕೆ? ಮರ ಹತ್ತೋದಕ್ಕೆ ನಿಮ್ಮನೆಯವರೇ ಇದ್ದಾರೆ ಅಂದ್ರಲ್ಲ?"

"ಅದುಕ್ಕೇ ಸಾರ್."

"ಸೀಸನ್ ನಡುವೆ ಅದೆಲ್ಲ ಆಗಲ್ಲ ಕಣ್ರೀ. ಈಗಲೇ ಹೇಳಿಬಿಡಿ."

ಕಾಂತೇಶ ಮೇಲೆ ನೋಡಿದ. ಶಿಲ್ಪ ಆಗಲೇ ಅರ್ಧ ಮರ ಏರಿದ್ದಳು.

"ಆಗ್ಲಿ ಸಾರ್, ಬತ್ತೀನಿ" ಎಂದ.

ಫೋನ್ ಇಟ್ಟ ಮೇಲೆ ಅವನಿಗೆ ಖುಷಿಯಾಗಬೇಕಿತ್ತು. ಆಗಲಿಲ್ಲ. ಇನ್ನು ಮೇಲೆ ಬೆಂಗಳೂರಿನ ಗೋಡೌನಿನಲ್ಲೋ ಮೈದಾನದಲ್ಲೋ ಯಾರಾದರೂ "ಕಾಂತೇಶ್, ನಿಮಗೆ ಊರಿಂದ ಫೋನು" ಎಂದು ಬಿರಬಿರನೆ ಬಂದರೆ, ಎದ್ದು ನಿಲ್ಲುವವನು ತಾನು.