ಫ್ಲೆಕ್ಸಿನಲ್ಲಿ ಉಳಿದ ಕೈ

ನನ್ನ ವಯಸ್ಸಿನವರು ಬೆಳಿಗ್ಗೆ ಎದ್ದು ಪೇಪರ್ ಓದುತ್ತಾರೆ. ನಾನು ಚನ್ನರಾಯಪಟ್ಟಣದ ಸರ್ಕಲ್ಲಿಗೆ ಹೋಗಿ ಫ್ಲೆಕ್ಸ್ ಓದುತ್ತೇನೆ. ನಮ್ಮ ಕಡೆ ಯಾರಾದರೂ ಹೋದರೆ, ಮಣ್ಣು ಮಾಡಿ ಬರುವಷ್ಟರಲ್ಲಿ ಅವರ ಫ್ಲೆಕ್ಸ್ ಎದ್ದಿರುತ್ತದೆ. ಕೆಳಗೆ ಹಾಕಿಸಿದವರ ಮುಖಗಳ ಸಾಲು ಎಷ್ಟು ಉದ್ದವೆಂದರೆ, ಸತ್ತವರು ಯಾರೆಂದು ಒಮ್ಮೊಮ್ಮೆ ಹುಡುಕಬೇಕಾಗುತ್ತದೆ.

ಈಚೆಗೆ ಅಲ್ಲಿ ಬಾಗೂರಿನ ನಂಜೇಗೌಡ ಬಂದು ನಿಂತ. ಹೈಸ್ಕೂಲಿನಿಂದಲೂ ನನ್ನ ಜೊತೆಗಾರ. ಅವನನ್ನು ಮಣ್ಣು ಮಾಡುವಾಗ ನಾನು ಅಳಲಿಲ್ಲ. ಒಂದು ಮಾತೂ ಹೇಳದೆ ಹೊರಟನಲ್ಲ ಎಂದು ಸಿಟ್ಟು ಬಂದಿತ್ತು. ಫ್ಲೆಕ್ಸಿನಲ್ಲಿ ಅವನ ಭುಜದ ಮೇಲೊಂದು ಕೈ ಇತ್ತು, ಮೊಣಕೈಯಿಂದಾಚೆ ಏನೂ ಇಲ್ಲ. ಮಣಿಕಟ್ಟಿನ ತಾಮ್ರದ ಕಡಗ ನೋಡಿದ ಕೂಡಲೇ ಗುರುತು ಸಿಕ್ಕಿತು. ಅದು ನನ್ನ ಕೈ! ಹೊಳೆನರಸೀಪುರದ ಮದುವೆಯೊಂದರಲ್ಲಿ ಇಬ್ಬರೂ ತೆಗೆಸಿಕೊಂಡ ಫೋಟೋ. ನನ್ನನ್ನು ಕತ್ತರಿಸಿ ತೆಗೆದಿದ್ದರು, ಕೈ ಉಳಿದುಬಿಟ್ಟಿತ್ತು.

ಸತ್ತವರ ಪಟದಲ್ಲಿ ಬದುಕಿರುವವರ ಅಂಗ ಇರಬಾರದೆಂದು ನನ್ನ ಹೆಂಡತಿ ಕಮಲ ಊಟ ಬಿಟ್ಟಳು. ನಮ್ಮ ಹಿರಿಯರು ಕಾಗೆಗೆ, ಎಳ್ಳಿಗೆ, ದರ್ಭೆಗೆಲ್ಲ ನಿಯಮ ಮಾಡಿಟ್ಟರು, ಫ್ಲೆಕ್ಸಿಗೆ ಮಾತ್ರ ಮಾಡಲಿಲ್ಲ ಎಂದು ನಾನು ನಕ್ಕೆ. ನಕ್ಕೆನೇನೋ ನಿಜ, ಅಂದಿನಿಂದ ಆ ಕೈಗೆ ಜೋಮು ಹಿಡಿಯತೊಡಗಿತು. ಮುಂದಿನ ಸರದಿ ನನ್ನದೇ ಎಂಬ ಭಯ. ಫ್ಲೆಕ್ಸ್ ಬದಲಾಯಿಸಿ ಎಂದು ಕೇಳಲೆಂದೇ ತಿಥಿಯ ದಿನ ಬಾಗೂರಿಗೆ ಹೋದೆ.

ನಾನು ಬಾಯಿ ತೆರೆಯುವ ಮೊದಲೇ ನಂಜನ ಹೆಂಡತಿ ಜಯಮ್ಮ ಎಲೆಯ ಮುಂದೆ ಬಂದು ನಿಂತರು.

"ಕೈಯೊಂದು ಉಳ್ಕೊಂಡದೆ, ಅಳಿಸ್ಬುಡ್ಲಾ ಅಂದ ಕಣಣ್ಣ ಸ್ಟುಡಿಯೋದೋನು. ಬ್ಯಾಡ ಕಣಪ್ಪ ಅಂದೆ. ಅಷ್ಟೊಂದ್ ಜನ ಓಡಾಡೋ ಜಾಗ, ಅವ್ರು ಒಬ್ರೇ ನಿಂತ್ಕಬಾರ್ದು ಅನ್ನುಸ್ತು. ನಿಮ್ಗೇನೂ ಬೇಜಾರಿಲ್ವಲ್ಲ?"

ಇಲ್ಲವೆಂದು ತಲೆಯಾಡಿಸಿದೆ. ಆಮೇಲೆ ಕಲಸಿದ ಅನ್ನ ಹಾಗೇ ಬಿಟ್ಟು, ಪಂಕ್ತಿಯಲ್ಲಿ ಅಷ್ಟು ಜನರ ನಡುವೆ ಕೂತು, ನಂಜನಿಗಾಗಿ ಅತ್ತೆ. ಊರಿಗೆ ಬಂದು ಕಮಲಳಿಗೆ ಎಲ್ಲ ಹೇಳಿದೆ.

ಭಯ ಹೋಯಿತೆಂದರೆ ಸುಳ್ಳಾಗುತ್ತದೆ. ಫ್ಲೆಕ್ಸ್ ಇನ್ನೂ ಅಲ್ಲೇ ಇದೆ, ಬಿಸಿಲಿಗೆ ನಂಜನ ಮುಖವೂ ನನ್ನ ಕೈಯೂ ಒಟ್ಟಿಗೇ ಬೆಳ್ಳಗಾಗುತ್ತಿವೆ. ಬರುವುದು ಬರಲಿ, ಅಷ್ಟರೊಳಗೆ ಒಂದು ಕೆಲಸ ಮುಗಿಸಿಕೊಳ್ಳೋಣವೆನಿಸಿತು. ಮೊನ್ನೆ ಅರಕಲಗೂಡಿನ ಮದುವೆಯಲ್ಲಿ ಫೋಟೋದವನು ನಿಲ್ಲಿಸಿದಾಗ, ನನ್ನ ಭುಜದ ಮೇಲೆ ಕೈ ಇಡು ಎಂದೆ ಕಮಲಳಿಗೆ. ಥೂ, ಜನ ನೋಡ್ತಾರೆ ಎಂದಳು. ಮರುಕ್ಷಣ ನನ್ನ ಮುಖ ನೋಡಿದಳು. ಇಟ್ಟಳು, ಫೋಟೋದವನು ಸಾಕು ಎಂದ ಮೇಲೂ ತೆಗೆಯಲಿಲ್ಲ.